ಅಮ್ಮನ ಮುಖದ ಕಪ್ಪು ಗೆರೆ

೧೨ ಜುಲೈ ೧೯೩೪, ಗುರುವಾರ

ಮುರಿದು ಒಲೆಗೆ ಹಾಕಬೇಕು ಈ ಕೈಯನ್ನು. ಮೂರು ವಾರದಿಂದ ಎಣ್ಣೆಬಣ್ಣದಲ್ಲಿ ಅಮ್ಮನ ಮುಖ ಬರೆಯುತ್ತಿದ್ದೇನೆ. ಬರೀ ಬೆಳಕು ನೆರಳಿನಿಂದಲೇ ಮುಖ ಮೂಡಬೇಕು, ಗೆರೆ ಕಾಣಬಾರದು ಎಂಬ ಹಟ ನನ್ನದು. ಇವತ್ತು ನೋಡಿದರೆ ಕೆನ್ನೆಯ ಸುತ್ತ ದಪ್ಪ ಕಪ್ಪು ಗೆರೆ! ಎಳೆದದ್ದೇ ಗೊತ್ತಾಗಲಿಲ್ಲ. ಇದು ವನಮಾಲಿಯ ಕೆಲಸ. ಪತ್ರಿಕೆಯ ಕಥೆಗಳಿಗೆ ಆ ಹೆಸರಿನಲ್ಲಿ ಚಿತ್ರ ಬರೆಯುವವನೂ ನಾನೇ. ಅಲ್ಲಿ ಗೆರೆ ಗಟ್ಟಿಯಾಗಿರದಿದ್ದರೆ ಅಚ್ಚಿನಲ್ಲಿ ಮೂಗೇ ಮಾಯ. ಹಾಗೆಂದು ಸಹಾಯರಾಜ್ ಎಂದು ಸ್ವಂತ ಹೆಸರು ಹಾಕುವ ಚಿತ್ರದೊಳಕ್ಕೂ ಅವನು ನುಗ್ಗಬೇಕೆ?

ಒರೆಸಲು ಬಟ್ಟೆ ಹುಡುಕುತ್ತಿದ್ದಾಗ ಅಮ್ಮ ಚರ್ಚಿನಿಂದ ಬಂದಳು. ಚಿತ್ರ ನೋಡಿ ಹಿಗ್ಗಿಹೋದಳು.

"ಈಗ ನನ್ನಂಗೇ ಅದೆ ಕಣೋ!"

ಮೈಯೆಲ್ಲ ಉರಿಯಿತು. ಅವಳ ಎದುರಿಗೇ ಟರ್ಪೆಂಟೈನ್ ಹಚ್ಚಿ ಗೆರೆಯನ್ನೆಲ್ಲ ಒರೆಸಿದೆ.

ಅವಳು ತಲೆಯ ಮೇಲಿನ ಸೆರಗನ್ನೂ ತೆಗೆಯದೆ ನಿಂತೇ ಇದ್ದಳು. "ಅಳಿಸ್ಬುಟ್ಟೆಯಲ್ಲೋ. ಈಗ ಇದ್ಯಾರು?"

ಊಟವಾದ ಮೇಲೆ ಚಿತ್ರದ ಮುಂದೆಯೇ ಕೂತಿದ್ದೇನೆ. ನೆರಳು ಸರಿಯಾಗಿದೆ, ಬಣ್ಣವೂ ಸರಿಯಾಗಿದೆ. ಯಾರೆಂದು ಮಾತ್ರ ನನಗೂ ತಿಳಿಯುತ್ತಿಲ್ಲ. ಆ ವನಮಾಲಿಗೆ ಒಂದೇ ಗೆರೆಯಲ್ಲಿ ಅಮ್ಮ ಸಿಕ್ಕಿದ್ದಳು. ಹೆತ್ತ ಮಗ ನಾನು, ಮೂರು ವಾರ ಕೂತು ನೋಡಿದವನು, ನನಗೆ ಸಿಗಲಿಲ್ಲ.