ಇಬ್ಬರು ಎತ್ತುವ ಡಬ್ಬ

ನಾಟಕದ ಮನೆ, ರಂಗದ ಹಿಂದಿನ ಕೋಣೆ
ಜೂನ್ ೧೧, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನೆ ಕೆಟ್ಟ ಕನಸು ಬಿತ್ತು. ಅದಕ್ಕೇ ಎಲ್ಲಕ್ಕಿಂತ ಮೊದಲು ಕೇಳುತ್ತಿದ್ದೇನೆ, ನೀನು ಹೇಗಿದ್ದೀಯ? ಎಡಗಿವಿಯ ನೋವು ಹೇಗಿದೆ? ಹಡಗಿನ ಮೇಲೆ ಗಾಳಿ ಬೀಸುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀಯೋ, ಇಲ್ಲ ಇಲ್ಲಿದ್ದಾಗಿನ ಹಾಗೆ ಹತ್ತಿಯನ್ನು ಜೇಬಿಗೆ ಹಾಕಿಕೊಂಡು ನನಗೆ ಮಾತ್ರ ಹ್ಞೂಂ ಅನ್ನುತ್ತೀಯೋ? ಹೊಟ್ಟೆ ತೊಳಸುವುದು ನಿಂತಿತೇ? ನಾನು ಚೆನ್ನಾಗಿದ್ದೇನೆ. ಮೊಣಕಾಲು ಇದ್ದ ಹಾಗೇ ಇದೆ. ಕನಸಿನಲ್ಲಿ ನಮ್ಮ ನಾಟಕದ ಮನೆ ತುಂಬಿತ್ತು, ನೀನು ರಂಗದ ನಡುವೆ ನಿಂತು ನನ್ನನ್ನು ಏನೋ ಕೇಳುತ್ತಿದ್ದೆ. ತುಟಿ ಅಲ್ಲಾಡುತ್ತಿತ್ತು, ದನಿ ಇಲ್ಲ. ಸೌಂಡಿನ ಪೆಟ್ಟಿಗೆಯ ಇದ್ದಬದ್ದ ಗುಂಡಿಯನ್ನೆಲ್ಲ ತಿರುಗಿಸಿದೆ. ಕೂತವರೆಲ್ಲ ಹಿಂದೆ ತಿರುಗಿ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಆಂ, ಆಂ ಎನ್ನುತ್ತಲೇ ಎದ್ದು ಕೂತೆ. ನೀನಿದ್ದಿದ್ದರೆ, ಗಾಬರೀ, ಕನಸಿನಲ್ಲಾದರೂ ಸ್ವಲ್ಪ ನೆಮ್ಮದಿಯಾಗಿ ಇರಬಾರದೇನೆ ಎಂದು ನಗುತ್ತಿದ್ದೆ. ಈಗ ನನ್ನನ್ನು ಗಾಬರಿ ಎಂದು ಕರೆಯುವವರು ಯಾರೂ ಇಲ್ಲ. ಎಲ್ಲರೂ ಅಮ್ಮ, ಅಕ್ಕ ಎಂದು ಮರ್ಯಾದೆ ಕೊಡುತ್ತಾರೆ.

ಇಂಥ ಕನಸು ಬೀಳುವುದಕ್ಕೆ ಕಾರಣವೂ ಇದೆ. ಹೋದ ತಿಂಗಳ ನಾಟಕದಲ್ಲಿ ಮುದುಕನ ಪಾತ್ರದವರು ಸಾಯುವ ಮುಂಚಿನ ಮಾತು ಹೇಳುತ್ತಿದ್ದಾಗ ಎಡಗಡೆಯ ಸ್ಪೀಕರ್ ಡಬ್ಬ ಗೊರ್ರ್ ಎಂದುಬಿಟ್ಟಿತು. ಜನ ನಕ್ಕರು. ಪಾಪ ಅವರು ಸತ್ತ ಮೇಲೂ ಸಿಟ್ಟಿನಿಂದ ಕಾಲು ಕುಣಿಸುತ್ತಿದ್ದರು. ಮಾರನೆಯ ದಿನವೇ ಮ್ಯಾನೇಜರು ಹೊಸ ಡಬ್ಬ ತರಿಸೋಣ ಎಂದರು. ನೀನೇ ಆರಿಸಮ್ಮ, ನನ್ನ ಕಣ್ಣಿಗೆ ಎಲ್ಲ ಡಬ್ಬವೂ ಕಪ್ಪಗೇ ಕಾಣ್ತವೆ ಎಂದು ನನ್ನ ತಲೆಗೆ ಕಟ್ಟಿದರು. ಅಂಗಡಿಯವರು ಎರಡು ಜೋಡಿ ಇಳಿಸಿ ಹೋಗಿದ್ದಾರೆ. ತಿಂಗಳ ಕೊನೆಗೆ ಬಂದು ಬೇಡವಾದ ಜೋಡಿಯನ್ನು ವಾಪಸು ಒಯ್ಯುತ್ತಾರೆ. ಒಂದು ಪ್ಲಾಸ್ಟಿಕ್ಕಿನದು, ಹಗುರ. ಇನ್ನೊಂದು ದಪ್ಪ ಪ್ಲೈವುಡ್ಡಿನದು, ಭಾರ. ಎರಡೂ ಹೊಸವು, ಎರಡೂ ಜೋರಾಗಿ ಕೂಗುತ್ತವೆ. ಜೋರಾಗಿ ಕೂಗುವುದು ದೊಡ್ಡದಲ್ಲ ಎಂದು ನೀನೇ ಕಲಿಸಿದ್ದಲ್ಲವೇ, ಅದಕ್ಕೇ ಈ ಒದ್ದಾಟ. ಭಾನುವಾರ ಹಾಡಿನವರು ಬಂದಾಗ ಎರಡನ್ನೂ ಹಚ್ಚಿ ಪಕ್ಕದಲ್ಲಿ ಅಂಗೈ ಇಟ್ಟು ನೋಡಿದೆ. ಡ್ರಮ್ಮಿನ ಏಟಿಗೆ ಪ್ಲಾಸ್ಟಿಕ್ಕಿನ ಮೈ ನಡುಗುತ್ತದೆ, ಮರದ್ದು ಗಟ್ಟಿಯಾಗಿ ಕೂತಿರುತ್ತದೆ. ಪ್ಲಾಸ್ಟಿಕ್ಕಿನದು ದನಿಯನ್ನು ಅಗಲಕ್ಕೆ ಎರಚುತ್ತದೆ, ಅದು ಪಕ್ಕದ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಮರದ್ದು ನೇರವಾಗಿ ಹಿಂದಕ್ಕೆ ಕಳಿಸುತ್ತದೆ. ಆದರೆ ಹಾಡು ಹೇಗೋ ನಡೆದುಹೋಗುತ್ತದೆ ಅಣ್ಣಾ. ನನಗೆ ಭಯ ಇರುವುದು ಬಾಲ್ಕನಿಯ ಕೆಳಗಿನ ಕೊನೆಯ ಸಾಲಿನದು, ಮಾತು ಸತ್ತುಹೋಗುವ ಆ ಜಾಗದ್ದು.

ಅಲ್ಲಿ ಕೂರಿಸಿಯೇ ನೀನು ನನ್ನನ್ನು ಪರೀಕ್ಷೆ ಮಾಡುತ್ತಿದ್ದದ್ದು. ಹಲೋ ಹಲೋ, ಒಂದು ಎರಡು ಮೂರು ಎಂದು ನೀನು ಒಂದು ದಿನವೂ ಎಣಿಸಲಿಲ್ಲ. ಎಣಿಸೋದು ಕೇಳೋಕೆ ಯಾರು ಟಿಕೆಟ್ ತಗೋತಾರೆ ಎನ್ನುತ್ತಿದ್ದೆ. ರಂಗದ ಮೇಲೆ ಏನೋ ಕೆಲಸ ಮಾಡುತ್ತಿರುವವನ ಹಾಗೆ ಮೈಕಿನ ಮುಂದೆ ಸುಳಿದು, ಮಾಮೂಲಿ ದನಿಯಲ್ಲಿ, ಊಟ ಆಯ್ತಾ ಎಂದು ಕೇಳುತ್ತಿದ್ದೆ. ನಾನು ಆಂ ಎಂದರೆ ಡಬ್ಬ ಫೇಲು. ನಾನು ಡಬ್ಬದ ಕಡೆ ತಿರುಗಿ ನೋಡಿದರೂ ಫೇಲು. ನನಗೇ ತಿಳಿಯದ ಹಾಗೆ, ಆಯ್ತಣ್ಣ ಎಂದು ಬಾಯಿಗೆ ಬಂದುಬಿಟ್ಟರೆ ಪಾಸು.

ನೀನು ಹಡಗಿನ ಕೆಲಸಕ್ಕೆ ಹೋದ ಮೇಲೆ ನಾನೊಬ್ಬಳೇ ರಂಗದ ಮೇಲೂ ನಿಂತು ಕೊನೆಯ ಸಾಲಿನಲ್ಲೂ ಕೂರುವುದು ಹೇಗೆ? ಮ್ಯಾನೇಜರನ್ನು ನಿಲ್ಲಿಸಿ ನೋಡಿದೆ. ಅವರು ಊಟ ಆಯ್ತಾ ಎಂದರೆ ಭಾಷಣಕ್ಕೆ ನಿಂತ ಹಾಗಿರುತ್ತದೆ, ಉತ್ತರ ಕೊಡುವ ಬದಲು ಚಪ್ಪಾಳೆ ಹೊಡೆಯಬೇಕು ಅನ್ನಿಸುತ್ತದೆ. ಕೊನೆಗೆ ಹಳೆಯ ಡಬ್ಬ ತಂದಾಗ ನೀನು ಟೇಪಿಗೆ ಹಾಕಿಟ್ಟಿದ್ದ ಮಾತನ್ನೇ ಹುಡುಕಿ ತೆಗೆದೆ. ಅದನ್ನು ಹಚ್ಚಿ ಹೋಗಿ ಕೂತೆ. ಪ್ಲಾಸ್ಟಿಕ್ಕಿನದರಲ್ಲಿ ನಿನಗೆ ನೆಗಡಿಯಾದ ಹಾಗೆ ಕೇಳಿಸಿತು, ಬಸ್ ನಿಲ್ದಾಣದಲ್ಲಿ ಯಾರೋ ಕೂಗಿದ ಹಾಗೆ. ತಿರುಗಿ ಡಬ್ಬವನ್ನೇ ನೋಡಿದೆ. ಆಮೇಲೆ ಮರದ್ದಕ್ಕೆ ತಂತಿ ಸಿಕ್ಕಿಸಿ ಮತ್ತೆ ಬಂದು ಕೂತೆ. ಕುರ್ಚಿಯ ಬಟ್ಟೆ ಹರಿದಿದೆಯಲ್ಲ, ಹೊಲಿಯಬೇಕು ಎಂದು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದೆ. ಊಟ ಆಯ್ತಾ ಎಂದೆ ನೀನು. ಇನ್ನೂ ಇಲ್ಲ ಅಣ್ಣ ಎಂದೆ ನಾನು.

ಮ್ಯಾನೇಜರು ಬಾಗಿಲಲ್ಲಿ ಇಣುಕಿ, ಯಾರ ಹತ್ರ ಮಾತಾಡ್ತಿದೀಯಮ್ಮ ಎಂದರು. ಏನಿಲ್ಲ, ಡಬ್ಬದ ಹತ್ರ ಎಂದೆ. ಎಷ್ಟು ಖಾಲಿ ಕುರ್ಚಿ ಅಣ್ಣಾ ಇಲ್ಲಿ. ನೀನಿದ್ದಾಗ ನಾನು ಅವನ್ನು ನೋಡಿಯೇ ಇರಲಿಲ್ಲ. ಅಲ್ಲಿ ಕೂತಲ್ಲೇ ಇನ್ನೊಂದು ಚಿಂತೆ ಹತ್ತಿಕೊಂಡಿತು. ಡಬ್ಬ ನಿಜವಾಗಿ ಒಳ್ಳೆಯದೋ, ಇಲ್ಲ ಯಾರಾದರೂ ಊಟ ಆಯ್ತಾ ಎಂದರೆ ಸಾಕು ಎನ್ನುವ ಹಾಗೆ ನಾನು ಆಗಿದ್ದೇನೋ? ಎಷ್ಟು ಸಲ ಹಚ್ಚಿ ಕೇಳಿದರೂ ತಿಳಿಯಲಿಲ್ಲ, ಪ್ರತಿ ಸಲವೂ ಬಾಯಿಗೆ ಉತ್ತರ ಬರುತ್ತದೆ.

ನನಗೆ ಮರದ್ದೇ ಬೇಕು. ಆದರೆ ಅದಕ್ಕೆ ಎರಡೂ ಪಕ್ಕ ಹಿಡಿ ಇದೆ. ಇದು ಇಬ್ಬರು ಎತ್ತೋ ಡಬ್ಬ ಅಕ್ಕ, ಒಬ್ಬರೇ ಅಂದ್ರೆ ಸೊಂಟ ಹೋಗುತ್ತೆ ಎಂದು ಅಂಗಡಿಯವರು ಬಿಡಿಸಿ ಹೇಳಿದರು. ಆಟ ಮುಗಿದ ಮೇಲೆ ಎಲ್ಲವನ್ನೂ ಇಳಿಸಿ ಈ ಕೋಣೆಗೆ ತರಬೇಕಲ್ಲ, ಬೆಳಿಗ್ಗೆ ರಂಗದ ಮೇಲೆ ಕುಣಿತದ ಕ್ಲಾಸು ಇರುತ್ತದೆ. ನಟರು ಬಣ್ಣ ಒರೆಸಿಕೊಂಡು ಹೊರಟೇಬಿಡುತ್ತಾರೆ. ಮ್ಯಾನೇಜರಿಗೆ ಬೆನ್ನು ನೋವು. ಅವರು ನೇರವಾಗಿಯೇ ಕೇಳಿದರು, ನಿಮ್ಮಣ್ಣ ವಾಪಸ್ ಬರ್ತಾನಾ ಹೇಳು, ಬರೋದಾದ್ರೆ ಭಾರದ್ದು, ಇಲ್ಲಾಂದ್ರೆ ಹಗುರದ್ದು, ಸುಮ್ನೆ ಯಾಕೆ ಒದ್ದಾಡ್ತೀಯ. ನಾನು ಬರ್ತಾನೆ ಎಂದೆ. ಕಾಗದದಲ್ಲಿ ಬರೆದಿದ್ದಾನೆ ಎಂದೆ. ಹಾಗೆಂದವಳು ಅಂದಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ.

ಕೊರೆದದ್ದು ಸಾಕು. ಓದು ಅರ್ಧಕ್ಕೇ ಬಿಟ್ಟವಳು, ಒತ್ತಕ್ಷರ ತಪ್ಪಿದ್ದರೆ ನಗಬೇಡ. ನಿನ್ನ ಕೋಣೆಯಲ್ಲಿ ಗೊರಕೆ ಹೊಡೆಯುವ ಅಡುಗೆಯವರಿಗೆ ನಮಸ್ಕಾರ ತಿಳಿಸು, ಮಗ್ಗುಲಾಗಿ ಮಲಗಲು ಹೇಳು. ನೀನು ತಣ್ಣಗಿರು, ನಿನ್ನ ಕಿವಿ ತಣ್ಣಗಿರಲಿ.

ನಿನ್ನ ತಂಗಿ,
ಗಾಬರಿ

ಅಂಚೆಯವರು ಬರುವ ಹೊತ್ತಾಯಿತು, ಇದನ್ನು ಬೇಗ ಬೇಗ ಬರೆಯುತ್ತಿದ್ದೇನೆ. ನಿನ್ನ ಹಿಂದಿನ ಕಾಗದದ ಕೊನೆಯ ಸಾಲಿನ ಮೇಲೆ ನೀರು ಬಿದ್ದಿದೆ. ಈ ಸುತ್ತು ಮುಗಿದ ಮೇಲೆ ಖಂಡಿತ, ಎಂಬಲ್ಲಿಯವರೆಗೆ ಚೆನ್ನಾಗಿದೆ. ಆಮೇಲೆ ಬ ಇದೆ, ಕೊನೆಗೆ ತ್ತೇನೆ ಇದೆ, ನಡುವೆ ಬರೀ ಶಾಯಿ. ಬರುತ್ತೇನೆ ಎಂದೇ ಓದಿಕೊಂಡು ಮ್ಯಾನೇಜರಿಗೆ ಹೇಳಿಬಿಟ್ಟೆ. ಈಗ ನೋಡಿದರೆ ಬರೆಯುತ್ತೇನೆ ಎಂಬುದಕ್ಕೂ ಅಲ್ಲಿ ಜಾಗ ಸಾಲುತ್ತದೆ. ಬರೆಯುತ್ತೇನೆ ಎಂದೇ ಆಗಿದ್ದರೂ ನನಗೇನೂ ಬೇಜಾರಿಲ್ಲ, ಹಗುರದ್ದು ತೆಗೆದುಕೊಳ್ಳುತ್ತೇನೆ. ಆ ಕಾಗದವನ್ನು ಇದರ ಒಳಗೇ ಮಡಚಿ ಇಟ್ಟಿದ್ದೇನೆ. ಅದೊಂದು ಮಾತನ್ನು ಇನ್ನೊಂದು ಸಲ ನೋಡಿ, ನಡುವಿನ ಅಕ್ಷರ ತುಂಬಿ, ತಿಂಗಳ ಕೊನೆಯೊಳಗೆ ಸಿಗುವ ಹಾಗೆ ಕಳಿಸು. ಪೆನ್ನು ಬೇಡ, ನೀರು ಬಿದ್ದರೂ ಅಳಿಯದ ಹಾಗೆ ಪೆನ್ಸಿಲ್ಲಿನಲ್ಲಿ ಬರೆ.