ಕಂದು ಚುಕ್ಕಿಯ ಡಬ್ಬಿ

ಹುಮನಾಬಾದ
೧೪ ಆಗಸ್ಟ್ ೨೦೦೮

ಗುರುಶಾಂತ ಅವರಿಗೆ ನಿಮ್ಮ ಹೆಂಡತಿ ಪೂನಂ ಬರೆಯುವುದು.

ನಮಸ್ಕಾರ ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ಕೂಸು ಚೆನ್ನಾಗಿದೆ. ಒಳ್ಳೆಯ ಸುದ್ದಿ ಅಷ್ಟೇ.

ನಿನ್ನೆ ನಿಮ್ಮ ತಾಯಿ ಬಸವಕಲ್ಯಾಣದಿಂದ ನನ್ನ ತವರಿಗೆ ಬಂದಿದ್ದರು. ಬಾಣಂತಿ ಕೋಣೆಯಲ್ಲಿದ್ದ ಕೊಲಾಜನ್ ಪುಡಿಯ ಡಬ್ಬಿ ಎತ್ತಿಕೊಂಡು ಇದೇನೆಂದು ಕೇಳಿದರು. ನನ್ನ ತಂಗಿ ಸ್ನೇಹಲ್ ಇಂಗ್ಲಿಷ್ ಬಲ್ಲವಳು, ಓದಿಯೇಬಿಟ್ಟಳು: ಮೀನಿನ ಚರ್ಮದಿಂದ ಮಾಡಿದ್ದು. ಅತ್ತೆ ಕೊರಳ ಲಿಂಗ ಹಿಡಿದುಕೊಂಡು ನಿಂತರು. ಮೀನ ತಿಂದಾಕಿ ಹಾಲು ನನ್ನ ಮೊಮ್ಮಗನ ಬಾಯಿಗೆ ಬ್ಯಾಡ, ಇವತ್ತೇ ಮೊಲಿ ಬಿಡಸ್ರಿ ಅಂತ ನಮ್ಮವ್ವನಿಗೆ ಹೇಳಿದರು. ಸೋಮವಾರ ಅಯ್ಯನವರನ್ನು ಕರೆತಂದು ಕೂಸಿಗೆ ಲಿಂಗ ಕಟ್ಟಿಸಿ, ಕೂಸನ್ನಷ್ಟೇ ಒಯ್ಯುತ್ತಾರಂತೆ. ನಾನು ಇಲ್ಲೇ ಬಿದ್ದಿರಬೇಕಂತೆ.

ಡಬ್ಬಿ ತಂದವರು ಯಾರು? ಐದನೇ ತಿಂಗಳಲ್ಲಿ ನನ್ನ ಗಲ್ಲಕ್ಕೆ ಕಪ್ಪು ಬಂಗು ಬಂದಾಗ ಮುಖ ತಿರುಗಿಸಿ ಮಲಗಿದವರು ಯಾರು? ಸೋಲಾಪುರದಿಂದ ಇದನ್ನು ತಂದು, ಬಸುರಿ ಕುಡಿದರೆ ಹೊಟ್ಟೆಗೆ ಗೆರೆ ಬೀಳುವುದಿಲ್ಲ, ಹೆತ್ತ ಮೇಲೂ ಚರ್ಮ ಜೋಲುವುದಿಲ್ಲ ಅಂತ ಹಾಲಿಗೆ ಕಲಸಿ ಎದುರು ನಿಂತು ಕುಡಿಸಿದಿರಿ. ಡಬ್ಬಿಯ ಮೇಲೆ ಕಂದು ಚುಕ್ಕಿ ಯಾಕೆಂದು ಕೇಳಿದರೆ, ಚಾಕಲೇಟ್ ರುಚಿಯ ಗುರುತು ಅಂದಿರಿ. ನಿಮ್ಮ ಮಾತು ನಂಬಿ ಕುಡಿದೆ.

ನಿನ್ನೆ ಫೋನಿನಲ್ಲಿ ಅಳುತ್ತ ಇದೆಲ್ಲ ಹೇಳಿದರೆ, ಅವ್ವನ ಮುಂದ ನನ್ನ ಹೆಸರು ತಗೀಬ್ಯಾಡ ಅಂದಿರಿ. ಥೂ! ನಾಚಿಕೆಯಾಗಬೇಕು ನಿಮಗೆ.

ಇವತ್ತು ಡಾಕ್ಟರಮ್ಮನಿಗೆ ಡಬ್ಬಿ ತೋರಿಸಿದೆ. ಬಸುರಿ ಬಾಣಂತಿಯರಿಗೆ ಇದು ಒಗ್ಗುತ್ತದೋ ಇಲ್ಲವೋ ಯಾರೂ ಸರಿಯಾಗಿ ಪರೀಕ್ಷೆ ಮಾಡಿಲ್ಲ, ಪುಡಿ ನಿಲ್ಲಿಸು, ಹಾಲು ಮಾತ್ರ ನಿಲ್ಲಿಸಬೇಡ ಅಂದರು. ನಾನು ನಿಲ್ಲಿಸುವುದಿಲ್ಲ. ಈ ಸಾಲು ಬರೆಯುವಾಗಲೂ ಕೂಸು ನನ್ನ ಎದೆಯಲ್ಲೇ ಇದೆ.

ಭಾನುವಾರದೊಳಗೆ ನಿಮ್ಮ ತಾಯಿಗೆ ನೀವೇ ನಿಜ ಹೇಳಿ. ಇಲ್ಲವಾದರೆ ಸೋಮವಾರ ಅಯ್ಯನವರ ಎದುರಿಗೆ ನಾನು ಹೇಳುತ್ತೇನೆ. ಆಮೇಲೆ ಯಾರ ಮರ್ಯಾದೆ ಹೋಯಿತೆಂದು ನನ್ನನ್ನು ಕೇಳಬೇಡಿ.

ಇಂತಿ,
‘ನಿಮ್ಮವಳು’ ಎಂದು ಬರೆಯಲಾರದ
ಪೂನಂ

ತಾ.ಕ.: ಕಂದು ಚುಕ್ಕಿ ಎಂದರೆ ಮಾಂಸದ್ದು ಅಂತ ನನಗೆ ಏಳನೇ ತಿಂಗಳಲ್ಲೇ ಗೊತ್ತಾಗಿತ್ತು. ಬಿಸ್ಕೀಟು ಕೊಳ್ಳುವಾಗ ಅಂಗಡಿಯ ನಸೀರ್ ಭಾಯಿ ಹೇಳಿದ್ದರು. ಅದೇ ದಿನ ನೀವು ಎರಡು ತಿಂಗಳ ಮೇಲೆ ನನ್ನ ಗಲ್ಲ ಮುಟ್ಟಿ, ಬಂಗು ಕಡಿಮೆಯಾಗಿದೆ ಅಂದಿರಿ. ಮರುದಿನ ಒಂದು ಚಮಚದ ಬದಲು ನಾನೇ ಎರಡು ಹಾಕಿಕೊಂಡೆ.