ಬಾವುಟಕ್ಕೆ ಹಾಕಿದ ಹೊಲಿಗೆ

ಹಾರ್ನ್‌ಕಾಟ್
14 ನವೆಂಬರ್ 1921, ಸೋಮವಾರ

ಪ್ರೀತಿಯ ಅವ್ವ,

ನಿನ್ನ ಮೊಣಕಾಲು ನೋವು ಹೇಗಿದೆ? ನೀನು ಕಳಿಸಿದ ಶುಂಠಿ ಕೇಕು ಒಂದು ಚೂರೂ ಒಡೆಯದೆ ಬಂತು. ಅದನ್ನು ತಿಂದವರು ಯಾರು ಅಂತ ಹೇಳಿದರೆ ನೀನು ನಂಬುವುದಿಲ್ಲ. ಹೇಳುವುದಕ್ಕೆ ಮುಂಚೆ ನನ್ನ ಎರಡು ವರ್ಷದ ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ.

'ಮಾವ ಜನರಲ್ಲರು ಚೆನ್ನಾಗಿದ್ದಾರೆ, ನಿನ್ನನ್ನು ಕೇಳಿದರು' ಅಂತ ಪ್ರತಿ ಪತ್ರದಲ್ಲೂ ಬರೆಯುತ್ತಿದ್ದೆನಲ್ಲ. ಅವರು ಯಾರನ್ನೂ ಕೇಳಿಲ್ಲ. ಮದುವೆಯಾದಾಗಿನಿಂದ ನಮ್ಮ ಹೊಸಲು ತುಳಿದಿಲ್ಲ. ದಾರಿಯಲ್ಲಿ ಸಿಕ್ಕರೆ ಕೋಲು ಊರಿಕೊಂಡು, ನಾನು ಬೇಲಿಯ ಕಂಬವೇನೋ ಎಂಬಂತೆ ದಾಟಿ ಹೋಗುತ್ತಿದ್ದರು. ಗಿರಣಿಯಲ್ಲಿ ಬಟ್ಟೆಯ ತೂತು ಹುಡುಕಿ ಹೊಲಿಯುತ್ತಿದ್ದವಳು ಸೊಸೆಯಾದಳಲ್ಲ ಅಂತ ಕೋಪ ಅಂದುಕೊಂಡಿದ್ದೆ. ಅದಲ್ಲ, ಅವರ ಸಿಟ್ಟೆಲ್ಲ ಮಗ ಗಿಲ್ಬರ್ಟ್ ಮೇಲೆ.

ಅವರ ದೊಡ್ಡಮನೆಯ ಮೆಟ್ಟಿಲ ಗೋಡೆಯ ಮೇಲೆ ವಂಶದ ನಾಲ್ಕು ಜನ ಜನರಲ್‌ಗಳ ಪಟಗಳಿವೆ. ಒಬ್ಬರು ಮಾರ್ಲ್‌ಬರೋ ಕಾಲದಲ್ಲಿ ಫ್ಲಾಂಡರ್ಸ್‌ನಲ್ಲಿ ಕಾದಿದವರು, ಒಬ್ಬರು ವೆಲಿಂಗ್ಟನ್ ಹಿಂದೆ ಸ್ಪೇನಿಗೆ ಹೋದವರು, ಮೂರನೆಯವರು ಕ್ರಿಮಿಯಾದ ಚಳಿಯಲ್ಲಿ ಕಾಲಿನ ಬೆರಳು ಕಳೆದುಕೊಂಡವರು. ನಾಲ್ಕನೆಯವರು ನಮ್ಮ ಸರ್ ಆಂಬ್ರೋಸ್ ಥರ್ಲ್‌ಬಿ. ನಾಲ್ಕು ಜನಕ್ಕೂ ಒಂದೇ ಉದ್ದ ಮೂಗು. ಪಕ್ಕದಲ್ಲಿ ಐದನೇ ಮೊಳೆ ಹೊಡೆದು ಖಾಲಿ ಬಿಟ್ಟಿದ್ದಾರೆ, ಗಿಲ್ಬರ್ಟ್‌ನ ಪಟಕ್ಕೆ. ಆ ಗಿಲ್ಬರ್ಟ್ ಫ್ರಾನ್ಸಿನ ಯುದ್ಧದಿಂದ ಬಂದವನೇ ಸೈನ್ಯ ಬಿಟ್ಟು ಊರ ಶಾಲೆಯಲ್ಲಿ ಮೇಷ್ಟರಾದ. ಅವನ ಬಲಗೈ ಈಗಲೂ ನಡುಗುತ್ತದೆ ಅವ್ವ. ಬೋರ್ಡಿನ ಮೇಲೆ ಬರೆಯುವಾಗ ದಿನಕ್ಕೆ ನಾಲ್ಕು ಬಳಪ ಮುರಿಯುತ್ತಾನೆ. ಅವನು ಮನೆಗೆ ಬಂದ ದಿನ ಅಪ್ಪ ಆ ಕೈ ನೋಡಿ, "ಈ ಮನೇಲಿ ಯಾರ ಕೈಯೂ ನಡುಗಿದ್ದಿಲ್ಲ" ಅಂದರಂತೆ. ಅವತ್ತಿನಿಂದ ಮಾತು ನಿಂತಿತು. ಅವನು ಯಾವತ್ತೂ ದೂರಿದವನಲ್ಲ. ಆದರೆ ಅಪ್ಪ ರಸ್ತೆಯಲ್ಲಿ ಹೋಗುವಾಗ ಕಿಟಕಿಯ ಪರದೆ ಸರಿಸಿ ನೋಡುತ್ತಾನೆ. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಹೇಗಾದರೂ ಮಾಡಿ ಇವರಿಬ್ಬರನ್ನು ಮಾತಾಡಿಸಬೇಕು ಅಂತ ಪಣ ತೊಟ್ಟಿದ್ದೆ.

ಇನ್ನು ಬಾವುಟದ ವಿಷಯ. ಚರ್ಚಿನಲ್ಲಿ ಜನರಲ್ಲರು ಕೂರುವ ಜಾಗದ ಮೇಲೆ ಅವರ ದಳದ ಹಳೇ ರೇಷ್ಮೆ ಬಾವುಟ ತೂಗುತ್ತದೆ. ಅದರ ನಡುವೆ ಊಟದ ತಟ್ಟೆಯಷ್ಟು ಅಗಲದ ತೂತು. ಹತ್ತೊಂಬತ್ತು ವರ್ಷದ ಆಂಬ್ರೋಸ್ ಅಫ್ಘಾನ್ ಬೆಟ್ಟ ಹತ್ತುವಾಗ ಆ ಬಾವುಟ ಹಿಡಿದಿದ್ದರು, ಶತ್ರುವಿನ ಗುಂಡು ಅದನ್ನು ಸೀಳಿಕೊಂಡು ಹೋಯಿತು ಅಂತ ಇಲ್ಲಿನ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುತ್ತಾರೆ. ಗಿಲ್ಬರ್ಟ್ ಬೆಳೆದದ್ದೇ ಆ ತೂತಿನ ಕೆಳಗೆ.

ಚರ್ಚಿನ ಛಾವಣಿ ರಿಪೇರಿ ಅಂತ ಹೋದ ತಿಂಗಳು ಬಾವುಟ ಇಳಿಸಿ ಒಳಕೋಣೆಯ ಬೀರುವಿನಲ್ಲಿ ಇಟ್ಟಿದ್ದರು. ಐದನೇ ತಾರೀಖು ಶನಿವಾರ ಹಿತ್ತಾಳೆ ಸಾಮಾನು ತಿಕ್ಕಲು ಹೋದ ನನ್ನ ಕಣ್ಣಿಗೆ ಬಿತ್ತು. ನನ್ನ ಕೈ ಸುಮ್ಮನಿರುತ್ತದೆಯೇ, ನೀನೇ ಹೇಳು. ಒಂದು ತೂತು ಕಣ್ತಪ್ಪಿದರೆ ಇಡೀ ಥಾನು ಬಟ್ಟೆ ವಾಪಸು ಬರುವ ಗಿರಣಿಯಲ್ಲಿ ಬೆಳೆದವಳು ನಾನು. ಇವರಿಗೆ ಹೊಲಿಯಲು ಬಾರದೆ ಹಾಗೇ ಬಿಟ್ಟಿದ್ದಾರೆ ಅಂದುಕೊಂಡೆ. ಯುದ್ಧ ಮುಗಿದ ನೆನಪಿನ ಭಾನುವಾರಕ್ಕೆ ಜನರಲ್ಲರು ತಲೆಯೆತ್ತಿ ನೋಡುತ್ತಾರೆ, ಇಷ್ಟು ಚೆನ್ನಾಗಿ ಹೊಲಿದವರು ಯಾರು ಅಂತ ಕೇಳುತ್ತಾರೆ, ಆಗ ಮಾತು ಶುರುವಾಗುತ್ತದೆ ಅಂತ ಲೆಕ್ಕ ಹಾಕಿದೆ. ಹಾಸಿಗೆ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದೆ.

ಆಮೇಲೆ ಗೊತ್ತಾಯಿತು, ಚರ್ಚಿಗೆ ಒಪ್ಪಿಸಿದ ಬಾವುಟಕ್ಕೆ ಸೂಜಿ ತಾಗಿಸಬಾರದಂತೆ. ಅದು ತಾನಾಗಿ ಜೀರ್ಣವಾಗಿ, ಎಳೆಯೆಳೆಯಾಗಿ ಉದುರಿ ಮಣ್ಣಾಗಬೇಕಂತೆ. ಇದು ಇಲ್ಲಿನವರಿಗೆ ತಾಯಿಯ ಹಾಲಿನ ಜೊತೆಗೇ ಗೊತ್ತು, ಅದಕ್ಕೇ ಯಾರೂ ಯಾರಿಗೂ ಹೇಳುವುದಿಲ್ಲ. ಗಿಲ್ಬರ್ಟ್ ಹೇಳುತ್ತಿದ್ದನೇನೋ. ಆದರೆ ಅವನಿಗೆ ಗೊತ್ತಾಗದಂತೆ ಅವನು ಶಾಲೆಗೆ ಹೋದ ಮೇಲೆ ತೆಗೆದು, ಬರುವ ಮುಂಚೆ ಮಡಚಿಡುತ್ತಿದ್ದೆನಲ್ಲ. ಸಣ್ಣ ತೂತುಗಳನ್ನೆಲ್ಲ ಮುಗಿಸಿ ದೊಡ್ಡದನ್ನು ಅರ್ಧ ತುಂಬಿದ್ದೆ. ಗುರುವಾರ ಚರ್ಚು ಗುಡಿಸುವ ಮಿಸೆಸ್ ಬೆವನ್ ಮೊಟ್ಟೆ ಕೇಳಲು ಬಂದವಳು ಬಾಗಿಲಲ್ಲೇ ನಿಂತು ಬಾಯಿಯ ಮೇಲೆ ಕೈ ಇಟ್ಟಳು. "ಅಯ್ಯೋ ಎಲ್ಸಿ, ಏನೇ ಮಾಡ್ಬಿಟ್ಟೆ? ಇದಕ್ಕಿಂತ ಸಮಾಧಿ ಅಗೆದಿದ್ರೆ ವಾಸಿ ಇತ್ತಲ್ಲೇ" ಅಂದಳು. ಅವಳ ಬಾಯಿಗೆ ಬಿದ್ದ ಮೇಲೆ ಬೇರೆ ಡಂಗುರ ಬೇಕೇ? ಮಧ್ಯಾಹ್ನ ಎರಡು ಗಂಟೆಗೆ ಜನರಲ್ಲರು ನಮ್ಮ ಬಾಗಿಲು ಬಡಿದರು. ಎರಡು ವರ್ಷದಲ್ಲಿ ಮೊದಲ ಸಲ.

ನನ್ನ ಕೈಯೆಲ್ಲ ಹಿಟ್ಟಾಗಿತ್ತು. ಒಳಗೆ ಬನ್ನಿ ಅನ್ನುವುದಕ್ಕೂ ಬಿಡದೆ ನುಗ್ಗಿ, ಕಿಟಕಿಯ ಬಳಿ ಹರಡಿದ್ದ ಬಾವುಟಕ್ಕೆ ಕೋಲು ತೋರಿಸಿದರು.

"ಯಾರನ್ನ ಕೇಳಿ ಇದಕ್ಕೆ ಸೂಜಿ ಹಾಕ್ದೆ?"

"ಹರಿದಿತ್ತು ಸರ್, ಹೊಲಿದೆ."

"ಅದು ಹರಕಲಲ್ಲ, ಗಾಯ. ಗಾಯಕ್ಕೆ ತೇಪೆ ಹಾಕ್ತಾರಾ ನಿಮ್ಮೂರಲ್ಲಿ?"

ನಿಮ್ಮೂರು ಅಂದದ್ದೇ ತಡ, ನನಗೆ ಉರಿದುಹೋಯಿತು. ಗಿಲ್ಬರ್ಟ್ ಆಸ್ಪತ್ರೆಯಲ್ಲಿದ್ದಾಗ ಅವನ ಕೋಟಿನ ತೋಳು ಹೊಲಿದವಳು ನಾನು. ಗುಂಡು ಹಾದ ಬಟ್ಟೆ ಹೇಗಿರುತ್ತದೆ ಅಂತ ನನಗೆ ಗೊತ್ತು. "ಗುಂಡು ಬಿದ್ದಿದ್ರೆ ಎಳೆ ಕಿತ್ತು ಚೆದುರಿರತ್ತೆ ಸರ್. ಇಲ್ಲಿ ಅಂಚು ಸುಟ್ಟಿದೆ. ಇದು ಮೇಣದಬತ್ತಿ ಕೆಲಸ, ಎಳೆ ನೋಡಿದ್ರೆ ಗೊತ್ತಾಗತ್ತೆ" ಅಂದುಬಿಟ್ಟೆ.

ಹೊಡೆದೇ ಬಿಡುತ್ತಾರೆ ಅಂದುಕೊಂಡೆ. ಅವರು ಗಿಲ್ಬರ್ಟ್‌ನ ಕುರ್ಚಿಯಲ್ಲಿ ಕೂತುಬಿಟ್ಟರು. ಕೋಲು ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. ಬಾವುಟದ ಕಡೆ ನೋಡುತ್ತ, "ನಲವತ್ತೆರಡು ವರ್ಷ ಆಯ್ತು. ಯಾರಾದ್ರೂ ಒಬ್ರು ಕಂಡುಹಿಡೀತಾರೆ ಅಂತ ಕಾಯ್ತಾನೇ ಇದ್ದೆ" ಅಂದರು.

ಆಮೇಲೆ ತಾವಾಗಿ ಹೇಳಿದರು. ಆ ಕಾಳಗದ ದಿನ ಅವರು ಬಂಡೆಯ ಹಿಂದೆ ಕೂತು ಅಳುತ್ತಿದ್ದರಂತೆ. ಬಾವುಟ ಕೈಯಲ್ಲಿತ್ತು, ಕಾಲು ಮಾತ್ರ ಮೇಲೇಳಲಿಲ್ಲ. ಡಾಬ್ಸ್ ಅನ್ನುವ ಒಬ್ಬ ಸಾರ್ಜೆಂಟ್ ಪಕ್ಕದಲ್ಲಿ ಕೂತು, "ಎಲ್ಲರ ಕೈಯೂ ನಡುಗತ್ತೆ ಸ್ವಾಮಿ, ನಂದೂ ನೋಡಿ" ಅಂತ ತನ್ನ ಕೈ ತೋರಿಸಿ, ಅವರ ತೋಳು ಹಿಡಿದು ಮೇಲಕ್ಕೆ ಕರೆದುಕೊಂಡು ಹೋದನಂತೆ. ವಾರವಾದ ಮೇಲೆ ಅಧಿಕಾರಿಗಳ ಊಟದಲ್ಲಿ, ಗೆದ್ದ ಖುಷಿಗೆ ಕುಡಿದು ಬಾವುಟ ಬೀಸುವಾಗ ದೀಪ ತಗುಲಿ ಸುಟ್ಟಿತು. ಮರುದಿನ ಕರ್ನಲ್ ಅದನ್ನು ನೋಡಿ, ಗುಂಡು ತಿಂದರೂ ಬಾವುಟ ಬಿಡಲಿಲ್ಲವಲ್ಲ ಹುಡುಗ ಅಂತ ಬೆನ್ನು ತಟ್ಟಿದರು. ಇವರು ಸುಮ್ಮನಿದ್ದರು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತೆ, ಉಗುಳಲೂ ಆಗಲಿಲ್ಲ ನುಂಗಲೂ ಆಗಲಿಲ್ಲ.

"ಡಾಬ್ಸ್ ನನಗೆ ಹೇಳಿದ ಮಾತನ್ನ ನಾನು ನನ್ನ ಮಗನಿಗೆ ಹೇಳ್ಬೇಕಿತ್ತಮ್ಮಾ. ಏನು ಹೇಳ್ದೆ ಅಂತ ನಿಂಗೊತ್ತಲ್ಲ" ಅಂದರು. ಅವರು ನನ್ನನ್ನು ಅಮ್ಮಾ ಅಂದದ್ದು ಅದೇ ಮೊದಲು. ನನಗೆ ಅಳು ಬಂತು. ಮುಖ ಒರೆಸಿಕೊಳ್ಳಲು ಹೋಗಿ ಹಿಟ್ಟು ಮೆತ್ತಿಕೊಂಡೆ.

"ಇದು ಸುಟ್ಟಿದ್ದು ಅಂತ ಅವನಿಗೆ ಹೇಳಿದ್ಯಾ?"

"ಇಲ್ಲ ಸರ್."

"ಎಷ್ಟೊತ್ತಿಗೆ ಬರ್ತಾನೆ?"

ನಾಲ್ಕಕ್ಕೆ ಬರುತ್ತಾನೆ ಅಂದೆ. ಎರಡು ಗಂಟೆ ಹೊತ್ತು ಅದೇ ಕುರ್ಚಿಯಲ್ಲಿ ನೆಟ್ಟಗೆ ಕೂತು ಕಾದರು. ನಾನು ಏನೂ ತೋಚದೆ ನಿನ್ನ ಕೇಕು ಕತ್ತರಿಸಿಟ್ಟೆ. ಮೂರು ತುಂಡು ತಿಂದು, "ಯಾರು ಮಾಡಿದ್ದು?" ಅಂತ ಕೇಳಿದರು. ಆದ್ದರಿಂದ ಇನ್ನು ಮೇಲೆ ನಿನ್ನನ್ನು ಕೇಳಿದರು ಅಂತ ಬರೆದರೆ ಅದು ಸುಳ್ಳಲ್ಲ.

ಗಿಲ್ಬರ್ಟ್ ಬಂದಾಗ ನಾನು ಕೋಳಿಗೂಡಿನ ಕಡೆ ಹೋದೆ. ಏನು ಮಾತಾಡಿಕೊಂಡರೋ ಕೇಳಿಸಲಿಲ್ಲ. ಕಿಟಕಿಯಲ್ಲಿ ಕಂಡದ್ದಿಷ್ಟು: ಮುದುಕರು ತಮ್ಮ ಬಲಗೈಯನ್ನು ಮೇಜಿನ ಮೇಲೆ ಚಾಚಿ ಮಗನಿಗೆ ತೋರಿಸುತ್ತಿದ್ದರು. ಗಿಲ್ಬರ್ಟ್ ನೋಡುತ್ತ ನಿಂತಿದ್ದ. ಆಮೇಲೆ ತನ್ನ ಕೈಯನ್ನು ಅದರ ಮೇಲೆ ಇಟ್ಟ.

ನಿನ್ನೆ ಭಾನುವಾರ. ಬಾವುಟ ತನ್ನ ಜಾಗಕ್ಕೆ ಹೋಯಿತು, ಅರ್ಧ ತುಂಬಿದ ತೂತಿನ ಸಮೇತ. ಊರಿಗೆ ಊರೇ ತಲೆಯೆತ್ತಿ ನೋಡುತ್ತಿತ್ತು, ನಾನು ನೆಲ ನೋಡುತ್ತಿದ್ದೆ. ಮಾವ ನಮ್ಮಿಬ್ಬರನ್ನೂ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಪಾದ್ರಿಗಳು ಬಗ್ಗಿ ಮೆಲ್ಲಗೆ, "ಆ ಹೊಲಿಗೆ ಬಿಚ್ಚಿಸಿಬಿಡೋಣವಾ ಸರ್ ಆಂಬ್ರೋಸ್?" ಅಂತ ಕೇಳಿದರು. ಇವರು ಹಿಂದಿನ ಸಾಲಿನ ಮಿಸೆಸ್ ಬೆವನ್‌ಗೂ ಕೇಳುವಂತೆ, "ಬೇಡ. ನಮ್ಮನೆ ಹುಡುಗಿ ಹೊಲಿದಿದ್ದು. ಇರ್ಲಿ" ಅಂದರು.

ಹೊರಗೆ ಬಂದ ಮೇಲೆ ಜೇಬಿನಿಂದ ಆ ಐದನೇ ಮೊಳೆ ತೆಗೆದು ಮಗನ ಕೈಗಿಟ್ಟರು. ಗಿಲ್ಬರ್ಟ್ ಅದನ್ನು ಇವತ್ತು ಶಾಲೆಗೆ ಒಯ್ದಿದ್ದಾನೆ. ಭೂಪಟ ತೂಗಹಾಕಲು ಮೊಳೆ ಇಲ್ಲ ಅಂತ ಎಷ್ಟು ದಿನದಿಂದ ಗೊಣಗುತ್ತಿದ್ದ. ಬಂಡೆಯ ಕಥೆಯನ್ನು ಶಾಲೆಯ ಮಕ್ಕಳಿಗೆ ತಾವೇ ಬಂದು ಹೇಳುತ್ತೇನೆ ಅಂದಿದ್ದಾರೆ ಮಾವ. ಅಲ್ಲಿಯವರೆಗೆ ನೀನು ಗಿರಣಿಯಲ್ಲಿ ಬಾಯಿ ಬಿಡಬೇಡ.

ಕ್ರಿಸ್‌ಮಸ್ಸಿಗೆ ಬಾ. ದೊಡ್ಡಮನೆಯಲ್ಲಿ ನಿನಗೊಂದು ಕೋಣೆ ತೆಗೆಸಿದ್ದಾರೆ.

ನಿನ್ನ ಮಗಳು,
ಎಲ್ಸಿ

ಮರೆತಿದ್ದೆ: ಸುಟ್ಟ ಅಂಚಿನ ಮಾತು ಓದುವಾಗಲೇ ನೀನು ಹುಬ್ಬು ಗಂಟು ಹಾಕಿರುತ್ತೀ, ಅದಕ್ಕೇ ಹೇಳಿಬಿಡುತ್ತೇನೆ. ನಲವತ್ತು ವರ್ಷ ಚರ್ಚಿನ ಹೊಗೆ ಕುಡಿದ ರೇಷ್ಮೆಯ ಅಂಚು ನೋಡಿ, ಸುಟ್ಟದ್ದೋ ಜೀರ್ಣವಾದದ್ದೋ ಅಂತ ನಾನಿರಲಿ, ನೀನೂ ಹೇಳಲಾರೆ. ಮೇಣದಬತ್ತಿ ಅಂದದ್ದು ಸುಮ್ಮನೆ ಬಾಯಿಗೆ ಬಂದದ್ದು, ಸಿಟ್ಟಿನಲ್ಲಿದ್ದಾಗ ಮೇಜಿನ ಮೇಲಿದ್ದ ಮೇಣದಬತ್ತಿ ಕಣ್ಣಿಗೆ ಬಿತ್ತು, ಅಷ್ಟೇ. ಮಾವನಿಗೆ ಇದನ್ನು ಹೇಳಿಲ್ಲ. ಅವರ ಸುಳ್ಳು ನಲವತ್ತೆರಡು ವರ್ಷ ಬಾಳಿತು, ನನ್ನದೊಂದು ಕ್ರಿಸ್‌ಮಸ್ಸಿನ ತನಕ ಬಾಳಲಿ.